ಬೆನ್ನೆಲುಬಿನ ಸವೆತವೂ ನಮ್ಮ ಸಂಕೋಚವೂ

ಈ ಸ್ಮರಣ ಸಂಚಿಕೆಗೆ ನಾವೂ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ, ಶಾಲೆಯ ಹಳೆಯ ದಿನಗಳನ್ನೋ ಸ್ತ್ರೀವಿದ್ಯಾಭ್ಯಾಸದ ಮಹತ್ವವನ್ನೋ ಕುರಿತು ಬರೆಯುವೆವೆಂದು ಅವರು ಎಣಿಸಿದ್ದರು. ನಾವಾದರೋ ಬೆನ್ನೆಲುಬಿನ ವಿಷಯವಾಗಿ ಬರೆಯಲು ಕುಳಿತಿದ್ದೇವೆ. ಸಂತೋಷದ ಸಂಚಿಕೆಗೆ ಇದು ಒಪ್ಪುವ ವಿಷಯವಲ್ಲವೆಂದು ಯಾರಿಗಾದರೂ ತೋರಿದರೆ, ಕೊನೆಯವರೆಗೆ ಓದಿ ಆಮೇಲೆ ತೀರ್ಮಾನಿಸಬೇಕೆಂದು ಬೇಡಿಕೊಳ್ಳುತ್ತೇವೆ. ನಮ್ಮಿಂದ ಒಂದು ತಪ್ಪು ನಡೆದಿದೆ. ಅದನ್ನು ಒಪ್ಪಿಕೊಳ್ಳದೆ ಈ ಪುಟಗಳಲ್ಲಿ ಬೇರೆ ಯಾವ ಮಾತನ್ನಾಡಿದರೂ ಅದು ಪೊಳ್ಳಾಗುವದು.

ಮೊದಲು ನಮ್ಮ ಸ್ವಂತ ಬೇನೆಯ ಸಂಗತಿಯನ್ನು ಹೇಳಬೇಕು. ಎರಡು ವರುಷಗಳ ಹಿಂದೆ ವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತ ಹಲವು ದಿನ ಕುಳಿತಲ್ಲಿಯೇ ಕುಳಿತಿದ್ದೆವು. ಒಂದು ಮುಂಜಾನೆ ನೆಲಕ್ಕೆ ಬಿದ್ದ ಲೇಖನಿಯನ್ನು ಎತ್ತಲು ಬಾಗಿದಾಗ ಟೊಂಕದಲ್ಲಿ ಏನೋ ಹಿಡಿದಂತಾಯಿತು. ಎರಡು ದಿನಗಳೊಳಗೆ ಆ ನೋವು ಟೊಂಕವನ್ನು ಬಿಟ್ಟು ಬಲಗಾಲಿಗೆ ಇಳಿದು, ತೊಡೆಯ ಹಿಂಬದಿಯಿಂದ ಮೀನಖಂಡದ ಹೊರಮಗ್ಗುಲಿಗಾಗಿ ಹೆಬ್ಬೆರಳಿನ ತನಕ ಬೆಂಕಿಯ ಎಳೆಯಂತೆ ಹರಿಯತೊಡಗಿತು. ಕೆಮ್ಮಿದರೆ ಸಾಕು, ಕಣ್ಣಲ್ಲಿ ನೀರು ಬರುತ್ತಿತ್ತು. ಹಿತೈಷಿಗಳು ತಮಗೆ ತಿಳಿದ ಉಪಾಯಗಳನ್ನು ಹೇಳಿದರು. ಒಬ್ಬರು ಎಣ್ಣೆ ತಿಕ್ಕಿಸಿಕೊಳ್ಳಿರೆಂದರು. ಇನ್ನೊಬ್ಬರು ಕಾಲು ಮುಂದಾಗಿ ಹುಟ್ಟಿದವರ ಪಾದವನ್ನು ಬೆನ್ನಿಗೆ ತಾಗಿಸಿಕೊಂಡರೆ ಗುಣವಾಗುವದೆಂದರು. ಎಲ್ಲರೂ ಒಮ್ಮನಸ್ಸಾಗಿ ಹೇಳಿದ್ದೇನೆಂದರೆ, ಹಾಸಿಗೆ ಬಿಟ್ಟು ಏಳಕೂಡದೆಂದು. ನಾವು ಒಂದು ವಾರ ಹಾಗೆಯೇ ಬಿದ್ದುಕೊಂಡೆವು. ನೋವು ತಗ್ಗಲಿಲ್ಲ; ಕಾಲಿನ ಬಲ ಮಾತ್ರ ತಗ್ಗಿತು.

ಆಮೇಲೆ ಬೀದರಕ್ಕೆ ಹೋಗಿ ಎಂ.ಆರ್.ಐ. ಚಿತ್ರ ತೆಗೆಯಿಸಿದೆವು. ವರದಿಯ ಕಾಗದವನ್ನು ಬಸ್ಸಿನಲ್ಲಿಯೇ ಬಿಚ್ಚಿ ಓದಿದೆವು. ಹುಮನಾಬಾದ ಮುಟ್ಟುವದರೊಳಗೆ ನಮ್ಮ ಧೈರ್ಯವೆಲ್ಲ ಉಡುಗಿಹೋಯಿತು. ‘ಡಿಜೆನರೇಟಿವ್’ ಎಂಬ ಮಾತು ಅದರಲ್ಲಿ ಐದು ಕಡೆ ಬರೆದಿತ್ತು. ಟೊಂಕದ ಕೆಳಗಿನ ಒಂದು ಬಿಲ್ಲೆ ಉಬ್ಬಿ ನರದ ಬೇರನ್ನು ಅದುಮಿದೆಯೆಂದೂ ಇತ್ತು. ಇಪ್ಪತ್ತು ವರುಷ ಮಕ್ಕಳಿಗೆ ಶರೀರಶಾಸ್ತ್ರದ ಪಾಠ ಹೇಳಿದ ನಾವು, ನಮ್ಮ ಬೆನ್ನು ಗೆದ್ದಲು ತಿಂದ ತೊಲೆಯಂತೆ ಉದುರುತ್ತಿದೆಯೆಂದು ಭಾವಿಸಿ, ಆ ರಾತ್ರಿ ನಿದ್ರೆಯಿಲ್ಲದೆ ಕಳೆದೆವು.

ಮರುದಿನ ವೈದ್ಯರು ನಮ್ಮ ಭಯವನ್ನು ಕಂಡು ನಕ್ಕು, ಸಾವಧಾನವಾಗಿ ತಿಳಿಸಿಕೊಟ್ಟರು. ಆ ದಿನ ಕೇಳಿದ್ದನ್ನೂ ತರುವಾಯ ಓದಿ ತಿಳಿದದ್ದನ್ನೂ ಇಲ್ಲಿ ಕ್ರಮವಾಗಿ ಹೇಳುತ್ತೇವೆ.

ಬೆನ್ನೆಲುಬೆಂಬದು ಒಂದೇ ಎಲುಬಲ್ಲ. ಕೊರಳಿನಲ್ಲಿ 7, ಎದೆಯ ಹಿಂದೆ 12, ಟೊಂಕದಲ್ಲಿ 5, ಹೀಗೆ 24 ಬಿಡಿ ಮಣಿಗಳು ಒಂದರ ಮೇಲೊಂದು ಕೂತಿವೆ. ಅವುಗಳ ಕೆಳಗೆ 5 ಮಣಿಗಳು ಬೆಸೆದುಕೊಂಡಿರುವ ತ್ರಿಕಾಸ್ಥಿಯೂ, ಅದರ ತುದಿಯಲ್ಲಿ ಬಾಲದೆಲುಬೂ ಇವೆ. ಮಣಿಗಳ ನಡುನಡುವೆ ಮೆತ್ತೆಯಂಥ ಬಿಲ್ಲೆಗಳು 23. ನಮ್ಮ ಹೆಣ್ಣುಮಕ್ಕಳು ತುಂಬಿದ ಕೊಡವನ್ನು ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಸಿಂಬಿಯನ್ನು ನೆನಪಿಗೆ ತಂದುಕೊಳ್ಳಿರಿ. ಬಿಲ್ಲೆಯ ಹೊರಗಡೆಯೂ ಹಾಗೆಯೇ ಗಟ್ಟಿಯಾದ ನಾರುಗಳು ಸುತ್ತಿಕೊಂಡಿವೆ. ಒಳಗಡೆ ಮಾತ್ರ ಬರಿದಾಗಿರದೆ, ನೀರು ತುಂಬಿದ ಮೃದುವಾದ ತಿರುಳಿದೆ. ಎಳೆಯ ಪ್ರಾಯದಲ್ಲಿ ಆ ತಿರುಳಿನ ನೂರರಲ್ಲಿ 80 ಪಾಲಿಗೂ ಮಿಕ್ಕಿ ನೀರೇ ಇರುವದು. ಹಗಲೆಲ್ಲ ಮೈಭಾರಕ್ಕೆ ತುಸು ನೀರನ್ನು ಬಿಟ್ಟುಕೊಟ್ಟು, ರಾತ್ರಿ ಮಲಗಿದಾಗ ಮತ್ತೆ ಹೀರಿಕೊಳ್ಳುವದು. ಆದದರಿಂದಲೇ ನಾವೆಲ್ಲರೂ ಸಾಯಂಕಾಲಕ್ಕಿಂತ ಮುಂಜಾನೆ ಸುಮಾರು ಒಂದು ಸೆಂಟಿಮೀಟರಿನಷ್ಟು ಎತ್ತರವಾಗಿರುತ್ತೇವೆ.

ವಯಸ್ಸಾದ ಹಾಗೆ ಈ ತಿರುಳು ಒಣಗುವದು, ಬಿಲ್ಲೆ ತೆಳ್ಳಗಾಗುವದು, ಸುತ್ತಿನ ನಾರಿನಲ್ಲಿ ಬಿರುಕು ಬೀಳುವದು, ಮಣಿಗಳ ಅಂಚಿನಲ್ಲಿ ಎಲುಬಿನ ಸಣ್ಣ ಮುಳ್ಳುಗಳು ಬೆಳೆಯುವವು. ಪ್ರಾಯದವರ ಬಿಲ್ಲೆಗೆ ತನ್ನದೇ ರಕ್ತನಾಳಗಳು ಇಲ್ಲವೆನ್ನಬಹುದು. ಮೇಲುಕೆಳಗಿನ ಎಲುಬುಗಳಿಂದ ಜಿನುಗಿ ಬಂದ ಆಹಾರದಿಂದಲೇ ಅದು ಬದುಕಬೇಕಾದದರಿಂದ, ಒಮ್ಮೆ ಸವೆದರೆ ಮೊದಲಿನಂತೆ ಕೂಡಿಕೊಳ್ಳುವದು ಕಷ್ಟ. ವರದಿಯಲ್ಲಿ ಬರೆದ ಆ ಭಯಂಕರ ಶಬ್ದದ ಅರ್ಥ ಇಷ್ಟೇ. 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಬೆನ್ನುನೋವೇ ಇಲ್ಲದ 3110 ಮಂದಿಯ ಚಿತ್ರಗಳನ್ನು ಒಟ್ಟಿಗೆ ವಿಚಾರಿಸಿದರು. 20 ವರುಷದವರಲ್ಲಿ ನೂರಕ್ಕೆ 37 ಮಂದಿಯಲ್ಲಿ, 50 ವರುಷದವರಲ್ಲಿ 80 ಮಂದಿಯಲ್ಲಿ, 80 ವರುಷದವರಲ್ಲಿ 96 ಮಂದಿಯಲ್ಲಿ ಬಿಲ್ಲೆಯ ಸವೆತ ಕಂಡುಬಂದಿತು. ಅವರಾರಿಗೂ ನೋವಿರಲಿಲ್ಲವೆಂಬದನ್ನು ಮರೆಯಬಾರದು. ತಲೆಗೂದಲು ನರೆಯುವದು ಹೇಗೋ ಬೆನ್ನು ಸವೆಯುವದೂ ಬಹುಮಟ್ಟಿಗೆ ಹಾಗೆಯೇ. ಚಿತ್ರದಲ್ಲಿ ಕಂಡದ್ದೆಲ್ಲ ರೋಗವಲ್ಲ. ಚಿತ್ರವನ್ನೂ ರೋಗಿಯನ್ನೂ ಕೂಡಿಸಿ ನೋಡಬೇಕೆಂದು ವೈದ್ಯರು ಹೇಳಿದರು.

ಇನ್ನು ನರದ ಮಾತು. ಮಣಿಗಳ ಹಿಂಭಾಗದಲ್ಲಿರುವ ಕೊಳವೆಯಂಥ ದಾರಿಯಲ್ಲಿ ಬೆನ್ನುಹುರಿ ಇಳಿದು ಬರುವದು. ಅದರಿಂದ 31 ಜೊತೆ ನರಗಳು ಹೊರಡುವವು. ಹುರಿಯು ಟೊಂಕದ ಮೊದಲನೆಯ ಇಲ್ಲವೆ ಎರಡನೆಯ ಮಣಿಯ ಹತ್ತಿರವೇ ಮುಗಿದು, ಅಲ್ಲಿಂದ ಕೆಳಗೆ ನರಗಳ ಗೊಂಚಲು ಮಾತ್ರ ತೂಗಿಕೊಂಡಿರುವದು. ನೋಡಲಿಕ್ಕೆ ಅದು ಕುದುರೆಯ ಬಾಲದಂತಿರುವದರಿಂದ ಶಾರೀರಶಾಸ್ತ್ರಜ್ಞರು ಅದಕ್ಕೆ ಆ ಹೆಸರನ್ನೇ ಇಟ್ಟಿದ್ದಾರೆ. ಕಾಲುಗಳಿಗೂ, ಮೂತ್ರಕೋಶಕ್ಕೂ, ಮಲದ್ವಾರಕ್ಕೂ, ನಾವು ಕುಳಿತಾಗ ನೆಲಕ್ಕೆ ತಾಗುವ ಭಾಗಕ್ಕೂ ಅರಿವು ಮತ್ತು ಅಂಕೆ ಈ ಗೊಂಚಲಿನಿಂದಲೇ ದೊರೆಯುವವು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿರಿ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಬಿಲ್ಲೆಯ ನಾರು ಹರಿದು ತಿರುಳು ಒಂದು ಮಗ್ಗುಲಿಗೆ ಹೊರಬಿದ್ದರೆ, ಆ ಕಡೆಯ ಒಂದು ನರದ ಬೇರು ಅದುಮಲ್ಪಟ್ಟು ಉರಿಗೊಳ್ಳುವದು. ಕೇಡು ಟೊಂಕದಲ್ಲಿದ್ದರೂ ನೋವು ಆ ನರ ಹೋಗುವ ಕಾಲಿನಲ್ಲಿ ತೋರುವದು. ಇದನ್ನೇ ಸಯಾಟಿಕಾ ಎನ್ನುವರು. ಬಿಲ್ಲೆಯಿಂದ ಹೀಗಾಗುವದೆಂಬದನ್ನು ಅಮೇರಿಕದ ಬಾಸ್ಟನ್ ಪಟ್ಟಣದ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ವೈದ್ಯರು 1934ರಲ್ಲಿ ಸ್ಪಷ್ಟವಾಗಿ ತೋರಿಸಿಕೊಟ್ಟರು. ಅಚ್ಚರಿಯ ಮಾತೆಂದರೆ, ಹೊರಬಿದ್ದ ತಿರುಳನ್ನು ಶರೀರವು ತಾನೇ ಮೆಲ್ಲಮೆಲ್ಲನೆ ಕರಗಿಸಿಬಿಡುವದುಂಟು. ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರಗಳೊಳಗೆ, ಶಸ್ತ್ರಚಿಕಿತ್ಸೆಯಿಲ್ಲದೆಯೇ, ನೋವು ಬಹಳ ಮಟ್ಟಿಗೆ ಇಳಿದುಹೋಗುವದು. ಬಹಳ ದಿನ ಹಾಸಿಗೆ ಹಿಡಿಯುವದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ತಾಳಿಕೊಳ್ಳುವಷ್ಟು ನಡೆದಾಡುವದೇ ಮದ್ದು. ವಿಶ್ವ ಆರೋಗ್ಯ ಸಂಸ್ಥೆಯವರು ಬಹುಕಾಲದ ಟೊಂಕನೋವಿನ ವಿಷಯವಾಗಿ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿಯೂ ವ್ಯಾಯಾಮವನ್ನೂ ತಿಳಿವಳಿಕೆಯನ್ನೂ ಮೆಚ್ಚಿ, ಟೊಂಕಕ್ಕೆ ಬಿಗಿಯುವ ಪಟ್ಟಿಯನ್ನೂ ಜಗ್ಗಿಸುವ ಚಿಕಿತ್ಸೆಯನ್ನೂ ವಾಡಿಕೆಯಾಗಿ ಬಳಸಬೇಡಿರೆಂದು ಹೇಳಿದ್ದಾರೆ.

ನಾವು ವೈದ್ಯರು ಹೇಳಿದಂತೆ ನಡೆದೆವು. ಮೊದಲು ಶಾಲೆಯ ಬೇವಿನ ಮರದ ವರೆಗೆ, ಆಮೇಲೆ ಹೊರಗಿನ ದರವಾಜೆಯ ವರೆಗೆ, ತಿಂಗಳು ಕಳೆಯುವದರೊಳಗೆ ಊರ ಹೊರಗಿನ ತೊಗರಿಯ ಹೊಲಗಳ ವರೆಗೆ ಹೋಗಿಬರುವಂತಾಯಿತು. ಹತ್ತನೆಯ ವಾರಕ್ಕೆ ಕಾಲಿನ ಬೆಂಕಿ ಆರಿತು. ದೇವರಿಗೆ ಸ್ತೋತ್ರ ಸಲ್ಲಿಸಿದೆವು. ಅದರೊಂದಿಗೆ, ಈ ರೋಗವನ್ನು ನಾವು ಪೂರ್ತಿಯಾಗಿ ಅರಿತುಕೊಂಡೆವೆಂಬ ಒಂದು ಗರ್ವವೂ ನಮ್ಮೊಳಗೆ ಸೇರಿಕೊಂಡಿತು. ನಮ್ಮ ತಪ್ಪಿನ ಮೂಲವು ಅದೇ.

ನಮ್ಮ ಬೋರ್ಡಿಂಗಿನಲ್ಲಿ ಅನೇಕ ವರುಷ ರೊಟ್ಟಿ ಬಡಿದು ಹಾಕಿದ ಒಬ್ಬ ತಾಯಿಯನ್ನು ನಿಮ್ಮಲ್ಲಿ ಬಹುಮಂದಿ ಬಲ್ಲಿರಿ. ಬಸವಕಲ್ಯಾಣ ತಾಲೂಕಿನ ಒಂದು ಹಳ್ಳಿಯವರು; ಮಕ್ಕಳೆಲ್ಲರಿಗೂ ‘ಅವ್ವ’. ಈ ಬರಹವನ್ನು ಅವರ ಮುಂದೆ ಓದಿ ಹೇಳಿ, ಅವರು ಒಪ್ಪಿದ ಮೇಲೆಯೇ ಅಚ್ಚಿಗೆ ಕೊಟ್ಟಿದ್ದೇವೆ. ಹೆಸರು ಮಾತ್ರ ಬೇಡವೆಂದರು. ಎಳೆಯ ಪ್ರಾಯದಲ್ಲಿ ಹೊಲದಲ್ಲಿ ದಿನವಿಡೀ ಬಗ್ಗಿ ಕಸ ತೆಗೆದವರು, ತಲೆಯ ಮೇಲೆ ಎರಡು ಕೊಡ ಹೊತ್ತವರು, ಆಮೇಲೆ ನೆಲದ ಮೇಲೆ ಕೂತು ಪರಾತದಲ್ಲಿ ಜೋಳದ ಹಿಟ್ಟು ನಾದಿದವರು. ನಮ್ಮ ಸೀಮೆಯ ಹೆಂಗಸರ ಬೆನ್ನಿನ ಚರಿತ್ರೆ ಬಹುತೇಕ ಇದೇ. ಕೆಲಸದ ಭಾರವೊಂದೇ ಬಿಲ್ಲೆಯ ಸವೆತಕ್ಕೆ ಕಾರಣವಲ್ಲ; ವಯಸ್ಸೂ ವಂಶಗುಣವೂ ಅದರಲ್ಲಿ ದೊಡ್ಡ ಪಾಲನ್ನು ಹೊಂದಿವೆ. ಆದರೂ ಭಾರ ಹೊತ್ತು ಬಾಗುವ ಬೆನ್ನಿಗೆ ವಿಶ್ರಾಂತಿಯ ದಿನವೇ ಇಲ್ಲವೆಂಬದು ಸತ್ಯ.

ಕಳೆದ ವರುಷ ಮಳೆಗಾಲದ ಶುರುವಿನಲ್ಲಿ ಒಂದು ಸಾಯಂಕಾಲ ಅವ್ವ ಗೋಡೆ ಹಿಡಿದುಕೊಂಡು ನಮ್ಮ ಕೋಣೆಯ ಬಾಗಿಲಿಗೆ ಬಂದರು. “ಅಕ್ಕೋರೆ, ಟೊಂಕ ಹಿಡ್ದದ. ಎರಡೂ ಕಾಲಾಗ ಜೋಮು ಏರ್ತದ” ಎಂದರು. ನಾವು ನಗುತ್ತ, “ಅವ್ವಾ, ನಮಗೂ ಹೀಗೆಯೇ ಆಗಿರಲಿಲ್ಲವೇ? ಹೆದರಬೇಡಿರಿ, ಮಲಗಿಬಿಡಬೇಡಿರಿ, ತುಸು ತಿರುಗಾಡಿರಿ, ತಾನಾಗಿ ಹೋಗುವದು” ಎಂದೆವು. ಅವರು ಇನ್ನೇನೋ ಹೇಳಬೇಕೆಂದು ನಿಂತರು, ಹೇಳದೆ ಹೋದರು. ನಮಗೆ ನೋವು ಒಂದು ಕಾಲಿನಲ್ಲಿತ್ತು, ಅವರಿಗೆ ಎರಡೂ ಕಾಲುಗಳಲ್ಲಿತ್ತು. ಈ ಭೇದವು ನಮ್ಮ ಕಿವಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ.

ನಾಲ್ಕನೆಯ ದಿನ ಬೆಳಗಿನ ಪ್ರಾರ್ಥನೆಗೆ ಮುಂಚೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಬಂದು, ತಲೆ ತಗ್ಗಿಸಿಕೊಂಡು, “ಅಕ್ಕೋರೆ, ಅವ್ವ ಒಂದಕ್ಕ ಹೋಗತಾಳ, ಹಂಗೇ ಹೊಳ್ಳಿ ಬರತಾಳ. ಮಣಿ ಮ್ಯಾಲ ಕುಂತದ್ದು ಸುದ್ದಾ ಗೊತ್ತಾಗವಲ್ದಂತ. ಯಾರಿಗೂ ಹೇಳಬ್ಯಾಡ ಅಂದಾಳ” ಎಂದಳು. ನಾವು ಓಡಿದೆವು. ಕೇಳಿದರೆ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಕೂರುವ ಭಾಗದಲ್ಲಿ ಮರಗಟ್ಟಿ ಎರಡು ದಿನವಾಗಿತ್ತು. ಹಿಂದಿನ ಸಾಯಂಕಾಲದಿಂದ ಮೂತ್ರ ಕಟ್ಟಿತ್ತು. ಹೊಟ್ಟೆ ಉಬ್ಬಿದ್ದರೂ ನೋವು ತಿಳಿಯುತ್ತಿರಲಿಲ್ಲ. ಆಮೇಲೆ ಅವರಿಗೆ ಅರಿವಿಲ್ಲದೆ ತೊಟ್ಟಿಕ್ಕುತ್ತಿತ್ತು.

108ಕ್ಕೆ ಕರೆ ಮಾಡಿದೆವು. ಹುಮನಾಬಾದದಿಂದ ಕಲಬುರಗಿಗೆ ಕರೆದುಕೊಂಡು ಹೋದೆವು. ಚಿತ್ರ ತೆಗೆದಾಗ ತಿಳಿಯಿತು: ಟೊಂಕದ ಕೆಳಗಿನ ಬಿಲ್ಲೆಯೊಂದು ಮಗ್ಗುಲಿಗೆ ಬೀಳದೆ ನಟ್ಟನಡುವೆ ಒಡೆದು, ಒಂದು ನರವನ್ನಲ್ಲ, ಕುದುರೆಯ ಬಾಲದಂಥ ಆ ಗೊಂಚಲನ್ನೇ ಅದುಮಿಬಿಟ್ಟಿತ್ತು. ಇಂಥಲ್ಲಿ ವಾರಗಳ ತಾಳ್ಮೆಯಿಲ್ಲ, ಗಂಟೆಗಳ ಲೆಕ್ಕ. ಮೂತ್ರ ಪೂರಾ ಕಟ್ಟುವದಕ್ಕೆ ಮುಂಚೆಯೇ ಶಸ್ತ್ರಕ್ರಿಯೆ ನಡೆದರೆ ನರಗಳು ಚೇತರಿಸಿಕೊಳ್ಳುವ ಆಶೆ ಹೆಚ್ಚು, ತಡವಾದಷ್ಟು ಕಡಿಮೆ. ಆ ರಾತ್ರಿಯೇ ಶಸ್ತ್ರಕ್ರಿಯೆಯಾಯಿತು. ಡಾಕ್ಟರು ಹೊರಗೆ ಬಂದು ನಮ್ಮನ್ನು ಕೇಳಿದ್ದು ಒಂದೇ ಮಾತು: “ಎಷ್ಟು ದಿನವಾಗಿತ್ತು?” ಅದಕ್ಕೆ ಉತ್ತರ ಹೇಳುವಾಗ ನಮ್ಮ ನಾಲಿಗೆ ಒಣಗಿತು.

ಅವ್ವನ ಕಾಲುಗಳಿಗೆ ಬಲ ಬಂದಿದೆ. ಕೋಲು ಹಿಡಿದು ನಡೆಯುತ್ತಾರೆ. ಮೂತ್ರಕೋಶದ ಅಂಕೆ ಮಾತ್ರ ಪೂರಾ ತಿರುಗಿ ಬರಲಿಲ್ಲ. ದಿನಕ್ಕೆ ಕೆಲವು ಸಲ ಸಣ್ಣ ನಳಿಗೆಯಿಂದ ತಾವೇ ಮೂತ್ರ ತೆಗೆದುಕೊಳ್ಳುವದನ್ನು ದಾದಿಯರು ಕಲಿಸಿಕೊಟ್ಟಿದ್ದಾರೆ. ಈಗ ಒಲೆಯ ಮುಂದೆ ಕೂರುವದಿಲ್ಲ. ಎತ್ತರದ ಕುರ್ಚಿಯ ಮೇಲೆ ಕೂತು ಉಗ್ರಾಣದ ಲೆಕ್ಕ ನೋಡಿಕೊಳ್ಳುತ್ತಾರೆ.

ಯಾಕೆ ಮೊದಲೇ ಹೇಳಲಿಲ್ಲವೆಂದು ಒಂದು ದಿನ ಕೇಳಿದೆವು. “ಅಂಥಾ ಮಾತು ಹ್ಯಾಂಗ ಹೇಳಲಿ ಅಕ್ಕೋರೆ?” ಎಂದರು. ಅವರಿಗೆ ಆ ಮಾತು ಕಲಿಸಿದವರು ಯಾರು? ನಮ್ಮ ತರಗತಿಯ ಕೋಣೆಯಲ್ಲಿ ಅಸ್ಥಿಪಂಜರದ ಪಟವೊಂದು ಇದೆ. ಅದರ ಮುಂದೆ ನಿಂತು ಬೆನ್ನೆಲುಬನ್ನು ಬೆತ್ತದಿಂದ ತೋರಿಸುತ್ತ ಟೊಂಕದ ವರೆಗೆ ಬಂದು, ಅಲ್ಲಿಂದ ಕೆಳಗಿನ ನರಗಳ ಕೆಲಸವನ್ನು ಹೇಳದೆ, “ಮಿಕ್ಕದ್ದನ್ನು ಪುಸ್ತಕದಲ್ಲಿ ಓದಿಕೊಳ್ಳಿರಿ” ಎಂದು ನಾವು ಇಪ್ಪತ್ತು ವರುಷ ಪಾಠ ಮುಗಿಸಿದ್ದೇವೆ. ಇದನ್ನು ಓದುತ್ತಿರುವ ಪೂರ್ವವಿದ್ಯಾರ್ಥಿನಿಯರಲ್ಲಿ ಬಹುಮಂದಿಗೆ ಆ ಮಾತು ನೆನಪಿರಬಹುದು. ನಾವು ಅದನ್ನು ಮರ್ಯಾದೆಯೆಂದು ಎಣಿಸಿದ್ದೆವು. ಓದುಬರಹ ಕಲಿತ ನಾವೇ ಹೇಳಲು ನಾಚಿದ್ದನ್ನು ಅಕ್ಷರವರಿಯದ ಆ ತಾಯಿ ಹೇಳಲಿಲ್ಲವೆಂದು ದೂರುವದು ಯಾವ ನ್ಯಾಯ?

ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ, 18 ವರುಷ ನಡು ಬಗ್ಗಿ ನೆಟ್ಟಗಾಗಲಾರದೆ ಇದ್ದ ಒಬ್ಬ ಸ್ತ್ರೀಯ ವೃತ್ತಾಂತವಿದೆ. ಎಳೆತನದಿಂದ ಕೇಳಿದ ಆ ಕಥೆಯನ್ನು ದವಾಖಾನೆಯ ಬಾಕಿನ ಮೇಲೆ ಕೂತು ಮತ್ತೆ ಓದಿದಾಗ ಒಂದು ಸಂಗತಿ ಹೊಸದಾಗಿ ಕಂಡಿತು. ಆಕೆ ತನ್ನ ಬೇನೆಯನ್ನು ಹೇಳಿಕೊಳ್ಳಲೇ ಇಲ್ಲ, ಏನನ್ನೂ ಬೇಡಲಿಲ್ಲ. ಸ್ವಾಮಿಯೇ ಆಕೆಯನ್ನು ಕಂಡು ಹತ್ತಿರ ಕರೆದನು. ಹೇಳಿಕೊಳ್ಳಲಾರದವರನ್ನು ನಾವೇ ಕಂಡು ಕರೆಯಬೇಕು. ನಾವು ಕಾಣಲಿಲ್ಲ, ಕಂಡವಳು ಆ ಒಂಬತ್ತನೆಯ ತರಗತಿಯ ಹುಡುಗಿ.

ನಮ್ಮ ನೆಲದಲ್ಲಿ ಹೆಣ್ಣು ಮಾತನಾಡಿದ ದೃಷ್ಟಾಂತವಿಲ್ಲದಿಲ್ಲ. 12ನೆಯ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ, ನೆಲಕ್ಕೆ ಬಿದ್ದ ಅಕ್ಕಿಯನ್ನು ಬಾಗಿ ಆಯುವ ಕಾಯಕದ ಮಾರಯ್ಯನು ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ತಂದಾಗ, ಅವನ ಮಡದಿ ಲಕ್ಕಮ್ಮನು ಸಂಕೋಚಪಡದೆ ಅವನನ್ನು ತಿದ್ದಿದಳೆಂದು ಪ್ರಸಿದ್ಧಿಯಿದೆ. ಅಂಥವಳ ಊರಿನ ಹೆಣ್ಣುಮಕ್ಕಳು ತಮ್ಮ ಶರೀರದ ಬೇನೆಯನ್ನು ಹೇಳಲು ಯಾಕೆ ಹಿಂಜರಿಯಬೇಕು?

ಆದದರಿಂದ ಈಗ ನಾವು ಆ ಪಾಠವನ್ನು ಪೂರಾ ಹೇಳುತ್ತೇವೆ. ಅದರ ಸಾರವನ್ನು ಇಲ್ಲಿ ಬರೆಯುತ್ತೇವೆ; ಕತ್ತರಿಸಿ ಅಡಿಗೆಮನೆಯ ಗೋಡೆಗೆ ಅಂಟಿಸಿಕೊಂಡರೂ ಲೇಸು. ಟೊಂಕನೋವಿನ ಜೊತೆಗೆ ಕೂರುವ ಭಾಗವೂ ಒಳತೊಡೆಯೂ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ, ಮಲದ ಅಂಕೆ ತಪ್ಪಿದರೆ, ಎರಡೂ ಕಾಲುಗಳು ಸೋಲುತ್ತ ಬಂದರೆ, ಮರುದಿನಕ್ಕೆ ಕಾಯದೆ ಆ ಗಳಿಗೆಯಲ್ಲಿಯೇ ದೊಡ್ಡ ದವಾಖಾನೆಗೆ ಹೋಗಬೇಕು. ಪಾದ ಎತ್ತಲಾರದೆ ಚಪ್ಪಲಿ ನೆಲಕ್ಕೆ ತೇಯುತ್ತಿದ್ದರೆ ಅದನ್ನೂ ಬೇಗನೆ ತೋರಿಸಬೇಕು. ಕೊರಳಿನ ಮಣಿಗಳು ಸವೆದು ಬೆನ್ನುಹುರಿಯನ್ನೇ ಅದುಮಿದರೆ ನೋವು ಹೆಚ್ಚಿಲ್ಲದಿರಬಹುದು. ರವಿಕೆಯ ಗುಂಡಿ ಹಾಕಲು ಬೆರಳು ತಡವರಿಸುವದು, ನಡೆಯುವಾಗ ತೂಗಾಡುವದು, ಇವೇ ಅದರ ಗುರುತುಗಳು. ಬೆನ್ನುನೋವಿನ ಸಂಗಡ ಸಣ್ಣ ಜ್ವರವೂ ಮೈ ಇಳಿಯುವದೂ ಇದ್ದರೆ ಬೆನ್ನೆಲುಬಿನ ಕ್ಷಯವಿರಬಹುದೆಂದು ಪರೀಕ್ಷಿಸಬೇಕು; ಅದಕ್ಕೆ ಮದ್ದುಂಟು. ವಯಸ್ಸಾದವರು ಸ್ವಲ್ಪ ದೂರ ನಡೆದರೆ ಕಾಲು ಜೋಮು ಹಿಡಿದು, ಮುಂದೆ ಬಾಗಿ ಕೂತರೆ ಹಗುರಾಗುವದಾದರೆ, ನರದ ದಾರಿ ಇಕ್ಕಟ್ಟಾಗಿರುವ ಸಂಭವವುಂಟು. ಇವು ಯಾವವೂ ಇಲ್ಲದ ಬರಿಯ ಟೊಂಕನೋವಾದರೆ ಹೆದರಬೇಡಿರಿ. ನಡೆದಾಡಿರಿ, ಕೊಡವನ್ನು ಮೈಗೆ ಹತ್ತಿರ ಹಿಡಿದು ಮೊಣಕಾಲು ಮಡಿಸಿ ಎತ್ತಿರಿ, ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕೂರಬೇಡಿರಿ. ಕೆಲವು ವಾರಗಳಲ್ಲಿ ತಗ್ಗದಿದ್ದರೆ ವೈದ್ಯರಿಗೆ ತೋರಿಸಿರಿ.

ಪೋಷಕರಲ್ಲಿ ನಮ್ಮ ಅರಿಕೆ ಒಂದು. ಈ ಪಾಠವನ್ನು ಕೇಳಿ ಬಂದ ನಿಮ್ಮ ಮಗಳು ಮನೆಯಲ್ಲಿ ಅಜ್ಜಿಯನ್ನು “ಎಲ್ಲಿ ಮರಗಟ್ಟಿದೆ?” ಎಂದು ಬಿಚ್ಚುಮಾತಿನಲ್ಲಿ ಕೇಳಿದರೆ ಅವಳನ್ನು ಗದರಿಸಬೇಡಿರಿ. ಹಾಗೆ ಕೇಳಬೇಕೆಂದು ಕಲಿಸಿದವರು ನಾವೇ. ಪೂರ್ವವಿದ್ಯಾರ್ಥಿನಿಯರೇ, ನಿಮಗೆ ಆ ದಿನಗಳಲ್ಲಿ ನಾವು ಅರ್ಧಕ್ಕೆ ನಿಲ್ಲಿಸಿದ ಪಾಠದ ಉಳಿದ ಭಾಗವು ಇದೇ. ತಡವಾಗಿ ಹೇಳಿದ್ದಕ್ಕೆ ಕ್ಷಮಿಸಿರಿ.

ಕಳೆದ ವಾರ ಆ ಪಟದ ಮುಂದೆ ನಾವು ಪಾಠ ಹೇಳುವಾಗ ಅವ್ವ ಕೋಲೂರಿಕೊಂಡು ಬಂದು ಹಿಂದಿನ ಬಾಕಿನಲ್ಲಿ ಕೂತರು. ಮುಗಿದ ಮೇಲೆ ಮಕ್ಕಳ ಕಡೆಗೆ ನೋಡಿ, “ತಿಳೀತೇನ್ರವಾ? ನಾಚಿಕಿ ಮಾಡಬ್ಯಾಡ್ರಿ” ಎಂದು ಎದ್ದು ಉಗ್ರಾಣಕ್ಕೆ ಹೋದರು.

ಇತಿ ನಿಮ್ಮ ಹಿತೈಷಿಣಿ,
ಮುಖ್ಯೋಪಾಧ್ಯಾಯಿನಿ